ಅನುವಾದಕನ ಮನೆಯಲ್ಲೊಬ್ಬ ಲಿಪಿಕಾರ

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವೊಂದಿದೆ. ಪ್ರಾಕೃತ ಭಾಷೆಯ ಆ ಶಾಸನವನ್ನು ಬ್ರಾಹ್ಮೀ ಲಿಪಿಯಲ್ಲಿ ಬರೆದ ಚಪಡನೆಂಬವನು, ತಾನು ಲಿಪಿಕಾರನೆಂಬ ಕೊನೆಯ ಮಾತನ್ನು ಮಾತ್ರ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ರಾಜಾಜ್ಞೆಯ ಅರ್ಥವು ಕೆಡದಂತೆ ಅದಕ್ಕೆ ಅಕ್ಷರರೂಪವನ್ನು ಕೊಡುವುದೇ ಲಿಪಿಕಾರನ ಕಾರ್ಯ. ಗಣಕಯಂತ್ರದಲ್ಲಿಯೂ ಇಂತಹ ಲಿಪಿಕಾರನೊಬ್ಬನುಂಟು. ಅವನ ಹೆಸರು ಅಸೆಂಬ್ಲರ್.

ಗಣಕದ ಪ್ರೊಸೆಸರಿಗೆ ತಿಳಿಯುವುದು ಸಂಖ್ಯೆಗಳು ಮಾತ್ರ. ಇಂಟೆಲ್ ವರ್ಗದ ಪ್ರೊಸೆಸರಿನಲ್ಲಿ 'ಇಎಎಕ್ಸ್ ಎಂಬ ರಿಜಿಸ್ಟರಿನಲ್ಲಿ 1ನ್ನು ಇಡು' ಎಂಬ ಆಜ್ಞೆಯ ನಿಜರೂಪವು 184, 1, 0, 0, 0 ಎಂಬ 5 ಬೈಟುಗಳು. ಇಂತಹ ಸಂಖ್ಯೆಗಳನ್ನು ಮನುಷ್ಯನು ನೆನಪಿಡಲಾರನು. ಆದುದರಿಂದ 'ಮೂವ್', 'ಆಡ್' ಮೊದಲಾದ ಸಂಕೇತಪದಗಳು ಬಳಕೆಗೆ ಬಂದುವು. ಇವುಗಳಿಂದಾದುದೇ ಅಸೆಂಬ್ಲಿ ಭಾಷೆ. ಅದನ್ನು ಆಜ್ಞೆಗೆ ಆಜ್ಞೆಯಾಗಿ ಸಂಖ್ಯೆಗಳಿಗೆ ಇಳಿಸುವವನು ಅಸೆಂಬ್ಲರ್. 'ಸಿ' ಮೊದಲಾದ ಮೇಲುಮಟ್ಟದ ಭಾಷೆಗಳಿಗಾದರೋ ಲಿಪಿಕಾರನು ಸಾಲದು, ಅನುವಾದಕನೇ ಬೇಕು. ಅವನೇ ಕಂಪೈಲರ್.

ಬಹುಕಾಲ ಇವರಿಬ್ಬರೂ ಬೇರೆ ಬೇರೆ ಮನೆಯವರಾಗಿದ್ದರು. ಅನುವಾದಕನು ಅಸೆಂಬ್ಲಿ ಭಾಷೆಯಲ್ಲಿ ಕಡತವೊಂದನ್ನು ಬರೆದುಕೊಡುವನು. ಲಿಪಿಕಾರನು ಅದನ್ನು ಮೊದಲಿನಿಂದ ಓದಿ ಸಂಖ್ಯೆಗಳನ್ನು ಬರೆಯುವನು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಆರಂಭವಾದ ಎಲ್‌ಎಲ್‌ವಿಎಂ ಯೋಜನೆಯು 2010ರ ಸುಮಾರಿಗೆ ಲಿಪಿಕಾರನನ್ನು ಅನುವಾದಕನ ಮನೆಗೇ ಕರೆತಂದಿತು. ಆ ಯೋಜನೆಯ ಕ್ಲ್ಯಾಂಗ್ ಕಂಪೈಲರು ನಡುವಣ ಕಡತವನ್ನು ಬರೆಯದೆಯೇ ನೇರವಾಗಿ ಯಂತ್ರಸಂಕೇತವನ್ನು ಸಿದ್ಧಪಡಿಸಬಲ್ಲದು. ನಾವೇ ಅಸೆಂಬ್ಲಿಯಲ್ಲಿ ಬರೆದ ಕಡತವನ್ನೂ ಅದಕ್ಕೆ ಕೊಡಬಹುದು. ಕಡತದ ಹೆಸರು ಚುಕ್ಕೆ ಮತ್ತು ಸಣ್ಣ 'ಎಸ್' ಅಕ್ಷರದಿಂದ ಮುಗಿದರೆ ಅದು ನೇರವಾಗಿ ಒಳಗಿನ ಅಸೆಂಬ್ಲರಿಗೆ ಹೋಗುತ್ತದೆ. ದೊಡ್ಡ 'ಎಸ್' ಇದ್ದರೆ ಮೊದಲು ಪ್ರಿಪ್ರೊಸೆಸರನ್ನು ಹಾದುಹೋಗುತ್ತದೆ.

ಆದರೆ ಹಳೆಯ ಲಿಪಿಕಾರನು ಒಪ್ಪಿದುದನ್ನೆಲ್ಲ ಹೊಸಬನು ಒಪ್ಪುವುದಿಲ್ಲ. 'ಈ ಸ್ಥಾನದಲ್ಲಿರುವ ಸಂಖ್ಯೆಗೆ 4ನ್ನು ಕೂಡಿಸು' ಎಂದು ಮಾತ್ರ ಬರೆದಿರೆನ್ನಿ. ಪ್ರತ್ಯೇಕವಾದ ಗ್ನೂ ಅಸೆಂಬ್ಲರು ಅದನ್ನು 4 ಬೈಟುಗಳ ಸಂಖ್ಯೆಯೆಂದು ತಾನೇ ಭಾವಿಸಿ ಮುಂದುವರಿಯುತ್ತದೆ. ಕ್ಲ್ಯಾಂಗಿನ ಅಸೆಂಬ್ಲರಾದರೋ ಸಂದಿಗ್ಧವೆಂದು ಆಜ್ಞೆಯನ್ನು ತಿರಸ್ಕರಿಸುತ್ತದೆ. 1, 2, 4, 8 ಬೈಟುಗಳಲ್ಲಿ ಯಾವುದೆಂದು ಬರೆದವನೇ ಹೇಳಬೇಕು.

ಇದು ಹಟವಲ್ಲ. ಆ ಸ್ಥಾನದಲ್ಲಿ 254, ಮುಂದಿನ ಬೈಟಿನಲ್ಲಿ 0 ಇವೆಯೆಂದು ಭಾವಿಸೋಣ. ಒಂದೇ ಬೈಟೆಂದು ಎಣಿಸಿದರೆ ಕೂಡಿದ ಮೇಲೆ ಉಳಿಯುವುದು 2. ದಶಕವು ಕಳೆದುಹೋದಂತೆ 256 ಕಳೆದುಹೋಗುತ್ತದೆ. ಎರಡು ಬೈಟೆಂದು ಎಣಿಸಿದರೆ ಮುಂದಿನ ಬೈಟಿಗೆ 1 ಸೇರಿ ಮೊತ್ತ 258 ಆಗುತ್ತದೆ. ಬರೆದ ಸಾಲು ಒಂದೇ, ಉತ್ತರಗಳು ಎರಡು! ಇಂತಹ ಸಂದಿಗ್ಧಗಳನ್ನು ತಿದ್ದುತ್ತ ಬಂದುದರಿಂದಲೇ, ಎಲ್‌ಎಲ್‌ವಿಎಂ ಉಪಕರಣಗಳಿಂದ ಲಿನಕ್ಸ್ ಕರ್ನೆಲನ್ನು ಕಟ್ಟುವಾಗ 2021ರ 5.15ನೆಯ ಆವೃತ್ತಿಯಿಂದ ಒಳಗಿನ ಅಸೆಂಬ್ಲರೇ ರೂಢಿಯಾಯಿತು.

ಕ್ಲ್ಯಾಂಗ್ ಉಚಿತವಾಗಿ ದೊರೆಯುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ವಿದ್ಯಾರ್ಥಿಗಳು ಇಂಟೆಲ್ ವರ್ಗದ ಯಾವ ಗಣಕದಲ್ಲಾದರೂ ಈ ಪ್ರಯೋಗವನ್ನು ಮಾಡಿ ನೋಡಬಹುದು. ಗಣಕವು ದೋಷವನ್ನು ತೋರಿಸಿ ತಡೆದಾಗ ಬೇಸರಪಡಬೇಕಾಗಿಲ್ಲ. ತಿಳಿಯದುದನ್ನು ಊಹಿಸಿ ಬರೆಯುವ ಲಿಪಿಕಾರನಿಗಿಂತ, ನಿಲ್ಲಿಸಿ ಕೇಳುವ ಲಿಪಿಕಾರನೇ ಹೆಚ್ಚು ನಂಬಿಕೆಗೆ ಅರ್ಹನು.