ಬಹುಸಂಸ್ಕಾರಕ ಯಂತ್ರಗಳ ಉದ್ಬೋಧನಕ್ರಮ

ಗಣಕಯಂತ್ರವು ವಿದ್ಯುತ್ತನ್ನು ಪಡೆದ ಮಾತ್ರದಿಂದಲೇ ಕಾರ್ಯಸಮರ್ಥವಾಗುವುದಿಲ್ಲ. ಅದರ ಸಂಸ್ಕಾರಕವು, ಎಂದರೆ ಪ್ರೊಸೆಸರು, ಅನುಸರಿಸತಕ್ಕ ವಿಧಿಗ್ರಂಥವು ಮೊದಲು ಸ್ಮೃತಿಕೋಶಕ್ಕೆ ಬಂದು ಸೇರಬೇಕು. ಈ ಪ್ರಥಮಕ್ರಿಯೆಗೆ ಇಂಗ್ಲಿಷಿನಲ್ಲಿ ಬೂಟ್ ಎಂದು ಹೆಸರು. ತನ್ನ ಪಾದರಕ್ಷೆಯ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲಕ್ಕೆತ್ತಿಕೊಳ್ಳುವುದೆಂಬ ನುಡಿಗಟ್ಟಿನಿಂದ ಬಂದ ಶಬ್ದವಿದು. ಕನ್ನಡದಲ್ಲಿ ಇದನ್ನು ಉದ್ಬೋಧನವೆನ್ನಬಹುದು.

ಶಬ್ದದಲ್ಲಿಯೇ ಆತ್ಮಾಶ್ರಯದೋಷವು ತೋರುತ್ತದೆ. ವಿಧಿಯನ್ನು ತರುವುದಕ್ಕೂ ಒಂದು ವಿಧಿ ಬೇಕಷ್ಟೆ, ಅದನ್ನು ತರುವವರಾರು? ಅಳಿಯದ ಸ್ಥಿರಸ್ಮೃತಿಯಲ್ಲಿ ಒಂದು ಬೀಜಗ್ರಂಥವನ್ನು ಮೊದಲೇ ಇಡುವುದರಿಂದ ಇದು ಪರಿಹೃತವಾಗುತ್ತದೆ. ಬೀಜಗ್ರಂಥವು ಜಾಲದ ಮೂಲಕ ದೂರದ ಯಂತ್ರವನ್ನು ಕೇಳಿ ಪೂರ್ಣಗ್ರಂಥವನ್ನು ತರಿಸಿಕೊಳ್ಳುತ್ತದೆ. ತನ್ನ ವಿಳಾಸವನ್ನೂ ಗ್ರಂಥದ ಹೆಸರನ್ನೂ ಕೇಳಿ ತಿಳಿಯುವ ಬೂಟ್‌ಪಿ ಎಂಬ ನಿಯಮವು 1985ರಲ್ಲಿ ನಿರೂಪಿತವಾಯಿತು.

ಒಂದೇ ಯಂತ್ರದಲ್ಲಿ ಅನೇಕ ಸಂಸ್ಕಾರಕಗಳಿರುವಾಗ ವಿಷಯವು ಜಟಿಲವಾಗುತ್ತದೆ. ಅಂಥ ಯಂತ್ರಗಳು ಕನ್ನಡನಾಡಿಗೆ ಹೊಸತಲ್ಲ. 1986ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯಲ್ಲಿ ಸಿದ್ಧವಾದ ಫ್ಲೋಸಾಲ್ವರಿನಲ್ಲಿ ನಾಲ್ಕು ಸಂಸ್ಕಾರಕಗಳಿದ್ದುವು. ಇಲ್ಲಿ ವಿಚಾರಿಸತಕ್ಕುದು ಇನ್ನೊಂದು ಬಗೆಯ ಯಂತ್ರವನ್ನು: ಹೊರಜಾಲದ ಸಂಬಂಧವು ಮೊದಲನೆಯ ಸಂಸ್ಕಾರಕಕ್ಕೆ ಮಾತ್ರ, ಉಳಿದವುಗಳಿಗೆ ಎಲ್ಲರಿಗೂ ಸಾಮಾನ್ಯವಾದ ಸ್ಮೃತಿಕೋಶವೊಂದೇ ದಾರಿ.

ವಿಜಯಪುರ ಸೀಮೆಯ ನೀರಾವರಿಯು ಇದಕ್ಕೆ ದೃಷ್ಟಾಂತವಾಗಬಲ್ಲುದು. ಕೃಷ್ಣೆಯ ನೀರು ಮೊದಲು ಆಲಮಟ್ಟಿಯಲ್ಲಿ ನಿಲ್ಲುತ್ತದೆ. ಹಿಂದೆ ಬಸವನಬಾಗೇವಾಡಿ ತಾಲೂಕಿಗೆ ಸೇರಿದ್ದ ಈ ಸ್ಥಳವು ಈಗ ನಿಡಗುಂದಿ ತಾಲೂಕಿನಲ್ಲಿದೆ. ಅಲ್ಲಿಂದ ಮುದ್ದೇಬಿಹಾಳದ ಅಂಚಿನ ನಾರಾಯಣಪುರ ಜಲಾಶಯಕ್ಕೂ, ಅಲ್ಲಿಂದ ಎಡದಂಡೆಯ ಕಾಲುವೆಗೂ, ಅದರ ಇಂಡಿ ಶಾಖೆಯಿಂದ ಸಿಂದಗಿ ಇಂಡಿಗಳ ಹೊಲಗಳಿಗೂ ನೀರು ಹೋಗುತ್ತದೆ. ಕಡೆಯ ಹೊಲಕ್ಕೆ ನದಿಯ ನೇರಸಂಬಂಧವಿಲ್ಲ. ಮೇಲಿನ ತೂಬು ತೆರೆದಲ್ಲದೆ ಅದು ನೆನೆಯದು. ಆದರೆ ದೃಷ್ಟಾಂತವು ಸರ್ವಾಂಶದಲ್ಲಿ ಒಪ್ಪುವುದಿಲ್ಲ: ನೀರು ಹಂಚಿದರೆ ಕುಗ್ಗುವುದು, ಗ್ರಂಥವು ಎಷ್ಟು ಮಂದಿ ಓದಿದರೂ ಕುಗ್ಗದು.

ಎಲ್ಲ ಸಂಸ್ಕಾರಕಗಳೂ ಪರಸ್ಪರ ಕಾಯುತ್ತ ಕುಳಿತರೆ ಅನ್ಯೋನ್ಯಾಶ್ರಯವು ಪ್ರಾಪ್ತವಾಗುತ್ತದೆ. ಆದುದರಿಂದ ವಿಎಕ್ಸ್‌ವರ್ಕ್ಸ್ ಮೊದಲಾದ ವ್ಯವಸ್ಥೆಗಳಲ್ಲಿ ಶೂನ್ಯಸಂಖ್ಯೆಯ ಸಂಸ್ಕಾರಕವು ರೂಢಿಯಿಂದ ಮುಖ್ಯವೆನಿಸುತ್ತದೆ. ಅದು ತಾನು ಮೊದಲು ಎಚ್ಚತ್ತು ಸಾಮಾನ್ಯಸ್ಮೃತಿಯನ್ನು ಅಣಿಗೊಳಿಸಿ, ಉಳಿದವುಗಳ ಬೇಡಿಕೆಗಳನ್ನು ಹೊರಜಾಲಕ್ಕೂ, ಬಂದ ಗ್ರಂಥವನ್ನು ಅವುಗಳಿಗೂ ದಾಟಿಸುತ್ತದೆ.

ಸಾಮಾನ್ಯಸ್ಮೃತಿಯಲ್ಲಿ ಎಲ್ಲಿ ನೋಡಬೇಕೆಂಬುದನ್ನು ತಿಳಿಯಲು ಇನ್ನೊಂದೆಡೆ ನೋಡಬೇಕು, ಅದನ್ನು ತಿಳಿಯಲು ಮತ್ತೊಂದೆಡೆ ಎಂದರೆ ಅನವಸ್ಥೆ. ಎಲ್ಲರೂ ಮೊದಲೇ ಬಲ್ಲ ಒಂದು ನಿಯತಸ್ಥಾನವು ಅದನ್ನು ತಡೆಯುತ್ತದೆ. ಯಂತ್ರಜ್ಞರು ಅದನ್ನು ಲಂಗರು ಎಂಬರ್ಥದ ಶಬ್ದದಿಂದ ಕರೆಯುತ್ತಾರೆ. ಅಲ್ಲಿ ಅಕ್ಷರಗಳಿದ್ದ ಮಾತ್ರದಿಂದ ನಂಬತಕ್ಕುದಲ್ಲ. ಹಿಂದಿನ ಸಲ ಬರೆದುವು ಅಳಿಯದೆ ಉಳಿದಿರಬಹುದು. ಅದಕ್ಕಾಗಿ ಮುಖ್ಯಸಂಸ್ಕಾರಕವು ಸೆಕೆಂಡಿಗೊಮ್ಮೆ ಒಂದು ಸಂಖ್ಯೆಯನ್ನು ಏರಿಸುತ್ತಿರುತ್ತದೆ. ಇದಕ್ಕೆ ಹೃದಯಸ್ಪಂದನವೆಂದು ಹೆಸರು. ಸಂಖ್ಯೆಯು ಬದಲಾಗುವುದನ್ನು ಕಂಡಮೇಲೆಯೇ ಉಳಿದವು ಮುಂದುವರಿಯುತ್ತವೆ.

ಇಬ್ಬರು ಒಂದೇ ಕ್ಷಣದಲ್ಲಿ ಬರೆಯಲೆಳಸಿದರೆ ಏನು ಗತಿ? ತೆರವಾಗಿದೆಯೇ ಎಂದು ನೋಡುವುದಕ್ಕೂ ತನ್ನದೆಂದು ಗುರುತಿಡುವುದಕ್ಕೂ ನಡುವೆ ಅವಕಾಶವಿದ್ದರೆ, ಇಬ್ಬರಿಗೂ ತೆರವೆಂದೇ ತೋರಿ, ಒಬ್ಬನ ಲೇಖವನ್ನು ಮತ್ತೊಬ್ಬನು ಅಳಿಸುವನು. ಆದುದರಿಂದ ಈ ಎರಡೂ ಅವಿಭಾಜ್ಯವಾದ ಏಕಕ್ರಿಯೆಯಾಗಿರಬೇಕು. ಇದನ್ನು ಯಂತ್ರದ ಘಟನೆಯೇ ಒದಗಿಸಬೇಕಲ್ಲದೆ ಗ್ರಂಥಮಾತ್ರದಿಂದ ಸುಲಭಸಾಧ್ಯವಲ್ಲ.

ಈ ಕ್ರಮದಿಂದ ಲಾಭವಿದೆ: ಮೂಲಗ್ರಂಥವನ್ನು ಒಂದೆಡೆ ತಿದ್ದಿದರೆ ಮುಂದಿನ ಉದ್ಬೋಧನದಲ್ಲಿ ಎಲ್ಲವೂ ತಿದ್ದಿದುದನ್ನೇ ಪಡೆಯುವುವು. ಹಾನಿಯೂ ಉಂಟು: ಮುಖ್ಯವು ಏಳದಿದ್ದರೆ ಉಳಿದವೂ ಏಳವು. ಕಾಲುವೆಯ ಕಡೆಯ ರೈತನು ಮೇಲಿನ ತೂಬನ್ನು ಕುರಿತು ಚಿಂತಿಸುವುದೂ ಇದೇ ಕಾರಣದಿಂದ. ಸಾಮಾನ್ಯಕೋಶವಿದ್ದಮಾತ್ರಕ್ಕೆ ಸಾಮಾನ್ಯಜ್ಞಾನವು ಸಿದ್ಧಿಸದು. ನಿಯತಸ್ಥಾನ, ಜೀವಲಕ್ಷಣ, ಅವಿಭಕ್ತವಾದ ಸರದಿ ಈ ಮೂರೂ ಕೂಡಬೇಕೆಂಬುದೇ ಇಲ್ಲಿಯ ನಿರ್ಣಯ.