ಬೆಳಕಿನ ಚಿಪ್‌ನಲ್ಲಿ ಕರೆಂಟ್ ಸೋರಿದ್ರೆ ಪಕ್ಕದ ಗದ್ದೆ ಜೌಗು!

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಇವತ್ತು ಮದ್ದೂರಿನಿಂದ ಶುರು ಮಾಡೋಣ. ವಡೆಯಿಂದ ಅಲ್ಲ, ನಾಲೆಯಿಂದ.

ಕೆಆರ್‌ಎಸ್‌ನಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಸುರಂಗ ದಾಟಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಗದ್ದೆಗಳಿಗೆ ನೀರು ಕೊಡುತ್ತೆ. ನಾಲೆ ಸೋರಿದ್ರೆ ಎರಡು ನಷ್ಟ. ಒಂದು, ಕೊನೆ ಭಾಗದ ರೈತರಿಗೆ ನೀರು ಸಾಲಲ್ಲ. ಎರಡು, ಸೋರಿದ ನೀರು ಪಕ್ಕದ ಗದ್ದೆಯಲ್ಲಿ ನಿಂತು ಅದು ಜೌಗು ಹಿಡಿಯುತ್ತೆ. ಈ ಎರಡನೇದನ್ನ ನೆನಪಿಟ್ಕೊಳ್ಳಿ. ನಮ್ಮ ಇವತ್ತಿನ ಕಥೆಯೂ ಅದೇ. ಆದ್ರೆ ಇಲ್ಲಿ ನಾಲೆ ಕೂದಲೆಳೆಗಿಂತ ಸಣ್ಣದು, ಹರಿಯೋದು ಬೆಳಕು.

ಬೆಳಕಿಗೊಂದು ತೂಬು

ನಿಮ್ಮ ಫೋನಿಗೆ ಬರೋ ಡೇಟಾ ದಾರಿಯಲ್ಲಿ ಎಲ್ಲೋ ಒಂದು ಕಡೆ ಫೈಬರ್‌ನೊಳಗೆ ಬೆಳಕಾಗಿ ಓಡಿರುತ್ತೆ. ಒಂದೇ ಫೈಬರ್‌ನಲ್ಲಿ ಬೇರೆ ಬೇರೆ ತರಂಗಾಂತರದ ಹತ್ತಾರು ಬೆಳಕಿನ ಚಾನೆಲ್‌ಗಳು ಒಟ್ಟಿಗೆ ಸಾಗಬಹುದು. ಒಂದು ಜೋರಾಗಿ, ಇನ್ನೊಂದು ಮಂಕಾಗಿ ಇದ್ರೆ ಮಂಕಾದದ್ದರ ಡೇಟಾ ಕೆಡುತ್ತೆ. ಅದಕ್ಕೇ ಪ್ರತಿ ಚಾನೆಲ್‌ಗೂ ಒಂದು ತೂಬು ಬೇಕು, ಜೋರಾಗಿರೋದನ್ನ ತಗ್ಗಿಸೋಕೆ. ಅದರ ಹೆಸರು ಆಪ್ಟಿಕಲ್ ಅಟೆನ್ಯುಯೇಟರ್.

ಈ ತೂಬನ್ನ ಸಿಲಿಕಾನ್ ಚಿಪ್ ಮೇಲೇ ಮಾಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಸಿಲಿಕಾನ್ ಫೋಟಾನಿಕ್ಸ್ ಬಗ್ಗೆ ಸಂಶೋಧನೆ ನಡೀತಿದೆ. ಇಂಥ ಚಿಪ್‌ಗಳಲ್ಲಿ ಬೆಳಕಿನ ದಾರಿ ಸುಮಾರು ಅರ್ಧ ಮೈಕ್ರಾನ್ ಅಗಲ. ಅದರ ಎರಡೂ ಬದಿಗೆ ಒಂದು ಡಯೋಡ್ ಕಟ್ಟಿ ಕರೆಂಟ್ ಹರಿಸಿದ್ರೆ, ದಾರಿಯೊಳಗೆ ತುಂಬಿಕೊಂಡ ಎಲೆಕ್ಟ್ರಾನ್ ಮತ್ತು ಹೋಲ್‌ಗಳು ಬೆಳಕನ್ನ ಹೀರಿಕೊಳ್ಳುತ್ತವೆ. ಎಷ್ಟು ಹೀರುತ್ತವೆ ಅನ್ನೋ ಲೆಕ್ಕವನ್ನ 1987ರಲ್ಲಿ ಸೊರೆಫ್ ಮತ್ತು ಬೆನೆಟ್ ಪ್ರಕಟಿಸಿದರು. ಒಂದು ಘನ ಸೆಂಟಿಮೀಟರ್‌ಗೆ 1ರ ಮುಂದೆ 18 ಸೊನ್ನೆಯಷ್ಟು ಎಲೆಕ್ಟ್ರಾನ್, ಅಷ್ಟೇ ಹೋಲ್ ತುಂಬಿದ್ರೆ, 1550 ನ್ಯಾನೊಮೀಟರ್ ಬೆಳಕು ಸುಮಾರು ಅರ್ಧ ಮಿಲಿಮೀಟರ್ ಸಾಗೋದ್ರೊಳಗೆ ಅರ್ಧಕ್ಕೆ ಇಳಿಯುತ್ತೆ.

ಸೋರಿಕೆ ಎಲ್ಲಿ?

ಡಯೋಡ್‌ಗೆ ಕರೆಂಟ್ ಕೊಡಬೇಕು ಅಂದ್ರೆ ಬೆಳಕಿನ ದಾರಿಯ ಅಕ್ಕಪಕ್ಕ ಸಿಲಿಕಾನ್‌ನ ತೆಳು ಹಾಸು ಇರಲೇಬೇಕು. ಆ ಹಾಸು ಪಕ್ಕದ ಸಾಧನದವರೆಗೂ ಹಬ್ಬಿದ್ರೆ ಕರೆಂಟ್‌ಗೂ ಅಲ್ಲಿಗೆ ದಾರಿ ಸಿಕ್ಕಿತು. ಪಕ್ಕದಲ್ಲಿ ಇರೋದು ಬೆಳಕನ್ನ ಅಳೆಯೋ ಡಿಟೆಕ್ಟರ್ ಆಗಿದ್ರೆ?

ಒಂದು ಉದಾಹರಣೆ ಲೆಕ್ಕ ಹಾಕೋಣ. ಅಟೆನ್ಯುಯೇಟರ್‌ಗೆ 50 ಮಿಲಿಆಂಪಿಯರ್ ಕೊಡ್ತಿದ್ದೀವಿ. ಅದರಲ್ಲಿ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಸೋರಿತು ಅಂದ್ಕೊಳ್ಳಿ. ಅಂದ್ರೆ 5 ಮೈಕ್ರೊಆಂಪಿಯರ್. ವಿದ್ಯುತ್ ಬಿಲ್ ಲೆಕ್ಕದಲ್ಲಿ ಇದು ಏನೂ ಅಲ್ಲ. ಆದ್ರೆ ಡಿಟೆಕ್ಟರ್‌ನ ನಿಜವಾದ ಸಿಗ್ನಲ್ಲೇ 10 ಮೈಕ್ರೊಆಂಪಿಯರ್ ಇದ್ರೆ, ಅದು ಈಗ 15 ಅಂತ ತೋರಿಸುತ್ತೆ. ‘ಬೆಳಕು ಜಾಸ್ತಿ ಆಯ್ತು’ ಅಂದ್ಕೊಂಡ ಕಂಟ್ರೋಲ್ ಸರ್ಕ್ಯೂಟ್ ತೂಬನ್ನ ಇನ್ನಷ್ಟು ಬಿಗಿ ಮಾಡುತ್ತೆ. ಬಿಗಿ ಮಾಡೋಕೆ ಇನ್ನಷ್ಟು ಕರೆಂಟ್. ಜಾಸ್ತಿ ಕರೆಂಟ್ ಅಂದ್ರೆ ಜಾಸ್ತಿ ಸೋರಿಕೆ. ಕೊನೆಗೆ ಸರಿಯಾಗೇ ಇದ್ದ ಚಾನೆಲ್ ವಿನಾಕಾರಣ ಮಂಕಾಗುತ್ತೆ.

ಅಂದ್ರೆ ತೊಂದರೆ ಇರೋದು ಎಷ್ಟು ಸೋರಿತು ಅನ್ನೋದಕ್ಕಿಂತ ಎಲ್ಲಿಗೆ ಸೋರಿತು ಅನ್ನೋದ್ರಲ್ಲಿ.

ಹಾಗಾದ್ರೆ ಏನು ಮಾಡ್ತಾರೆ?

ಮೊದಲನೇದು, ಕಾಲುವೆ ತೋಡೋದು. ಎರಡು ಸಾಧನಗಳ ನಡುವಿನ ಸಿಲಿಕಾನ್ ಹಾಸನ್ನ ಕೆಳಗಿರೋ ಆಕ್ಸೈಡ್ ಪದರದವರೆಗೂ ಕತ್ತರಿಸಿ ತೆಗೀತಾರೆ. ಆಕ್ಸೈಡ್ ಅವಾಹಕ. ಆಮೇಲೆ ಕರೆಂಟ್‌ಗೆ ಆ ಹಾಸಿನಲ್ಲಿ ದಾರಿಯೇ ಇಲ್ಲ. ಬೆಳಕಿನ ದಾರಿ ಅಡ್ಡ ಬಂದು ಪೂರ್ತಿ ಕತ್ತರಿಸೋಕೆ ಆಗದ ಕಡೆ, ಉಲ್ಟಾ ಬಯಾಸ್ ಕೊಟ್ಟ ಡಯೋಡ್‌ಗಳನ್ನ ಬದುವಿನ ಥರ ನಡುವೆ ಇಡ್ತಾರೆ.

ಎರಡನೇದು, ಗ್ರೌಂಡ್ ಬೇರೆ ಮಾಡೋದು. ಹತ್ತಾರು ಮಿಲಿಆಂಪಿಯರ್ ಹರಿಯೋ ತಂತಿಯೂ ಮೈಕ್ರೊಆಂಪಿಯರ್ ಅಳೆಯೋ ತಂತಿಯೂ ಒಂದೇ ಗ್ರೌಂಡ್ ಹಂಚಿಕೊಂಡ್ರೆ, ಸಿಲಿಕಾನ್ ಕತ್ತರಿಸಿದ್ದೂ ದಂಡ.

ಮೂರನೇದು, ಲೆಕ್ಕ ಇಡೋದು. ಲೇಸರ್ ಆಫ್ ಮಾಡಿ, ಅಟೆನ್ಯುಯೇಟರ್‌ನ ಕರೆಂಟ್ ಮಾತ್ರ ಹಂತ ಹಂತವಾಗಿ ಏರಿಸ್ತಾ ಡಿಟೆಕ್ಟರ್ ಏನು ತೋರಿಸುತ್ತೆ ಅಂತ ಬರ್ಕೊಳ್ಳೋದು. ಬೆಳಕೇ ಇಲ್ಲದಾಗ ಬಂದದ್ದೆಲ್ಲ ಬೆಳಕಿನದ್ದಲ್ಲ. ಆಮೇಲಿನ ಅಳತೆಯಿಂದ ಅದನ್ನ ಕಳೀಬೇಕು. ಇದನ್ನ ಒಂದೇ ಉಷ್ಣತೆಯಲ್ಲಿ ಮಾಡಿದ್ರೆ ಸಾಲದು. ಚಿಪ್ ಬಿಸಿಯಾದಷ್ಟೂ ಸೋರಿಕೆ ಏರುತ್ತೆ. ಸಿಲಿಕಾನ್ ಡಯೋಡ್‌ಗಳಲ್ಲಿ ಉಲ್ಟಾ ಸೋರಿಕೆ ಸುಮಾರು 10 ಡಿಗ್ರಿಗೆ ಇಮ್ಮಡಿ ಅನ್ನೋದು ಎಂಜಿನಿಯರ್‌ಗಳ ಕೈಲೆಕ್ಕ. ಅಟೆನ್ಯುಯೇಟರ್ ತಾನೇ ಬಿಸಿಯಾಗೋ ಸಾಧನ ಬೇರೆ.

ಸೋರಿಕೆಯನ್ನ ಸೊನ್ನೆ ಮಾಡೋಕೆ ಆಗಲ್ಲ, ನಾಲೆಯಲ್ಲೂ ಅಷ್ಟೇ, ಚಿಪ್‌ನಲ್ಲೂ ಅಷ್ಟೇ. ಅದು ಪಕ್ಕದ ಗದ್ದೆಗೆ ನುಗ್ಗದ ಹಾಗೆ ಬದು ಕಟ್ಟಬೇಕು, ಉಳಿದದ್ದಕ್ಕೆ ಲೆಕ್ಕ ಇಡಬೇಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ.