ಬಿಜಾಪುರದಲ್ಲಿ ಇತಿಹಾಸ ಬರೆದ ಫೆರಿಶ್ತಾ

ಮೈಸೂರಿನ ಕಡೆಯಿಂದ ಶಾಲಾ ಪ್ರವಾಸ ಹೋಗುವ ಮಕ್ಕಳು ಬಿಜಾಪುರದ ಗೋಲ್‌ಗುಂಬಜ್‌ನಲ್ಲಿ ಕೂಗಿ ಪ್ರತಿಧ್ವನಿ ಕೇಳುತ್ತಾರೆ, ಇಬ್ರಾಹೀಮ್ ರೋಜಾದ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ಆ ಆದಿಲ್‌ಶಾಹಿಗಳ ಮತ್ತು ಅವರಿಗಿಂತ ಮುಂಚೆ ಗುಲ್ಬರ್ಗಾ, ಬೀದರ್‌ಗಳಿಂದ ಆಳಿದ ಬಹಮನಿಗಳ ಕಥೆಯಲ್ಲಿ ಬಹುಪಾಲು ನಮಗೆ ದೊರಕಿದ್ದು ಒಬ್ಬ ಲೇಖಕರಿಂದ. ಪಠ್ಯಪುಸ್ತಕದಲ್ಲಿ ಅವರ ಹೆಸರು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ.

ಅವರೇ ಮುಹಮ್ಮದ್ ಕಾಸಿಮ್ ಹಿಂದೂ ಶಾಹ್. ಫೆರಿಶ್ತಾ ಎಂಬುದು ಅವರ ಕಾವ್ಯನಾಮ. ಪಾರಸಿಯಲ್ಲಿ ಹಾಗೆಂದರೆ ದೇವಚರ. 16ನೇ ಶತಮಾನದ ಉತ್ತರಾರ್ಧದಲ್ಲಿ ಇರಾನಿನ ಕ್ಯಾಸ್ಪಿಯನ್ ಸಮುದ್ರದ ಬಳಿಯ ಅಸ್ತರಾಬಾದ್‌ನಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆ ಗುಲಾಮ್ ಅಲಿ ಹಿಂದೂ ಶಾಹ್‌ರೊಂದಿಗೆ ಅಹ್ಮದ್‌ನಗರಕ್ಕೆ, ಅಂದರೆ ಇಂದಿನ ಅಹಲ್ಯಾನಗರಕ್ಕೆ ಬಂದರು. ಅಲ್ಲಿನ ರಾಜಕುಮಾರ ಮೀರಾನ್ ಹುಸೇನನಿಗೆ ಪಾರಸಿ ಕಲಿಸುವುದು ತಂದೆಯ ಕೆಲಸವಾಗಿತ್ತು. ಆದರೆ ತಂದೆ ಬೇಗನೆ ತೀರಿಕೊಂಡರು. ಪರದೇಶದಲ್ಲಿ ಅನಾಥನಾದ ಹುಡುಗನಿಗೆ ಸುಲ್ತಾನ್ ಮುರ್ತಜಾ ನಿಜಾಮ್ ಶಾಹ್ ಆಶ್ರಯ ಕೊಟ್ಟ.

ಮುಂದೆ ಅದೇ ಸುಲ್ತಾನನ ಕಾವಲು ಪಡೆಯಲ್ಲಿ ಫೆರಿಶ್ತಾ ಅಧಿಕಾರಿಯಾಗಿದ್ದಾಗ, 1588ರಲ್ಲಿ ಮೀರಾನ್ ಹುಸೇನ್ ತನ್ನ ತಂದೆಯ ಮೇಲೆಯೇ ತಿರುಗಿಬಿದ್ದು ಪಟ್ಟ ಕಸಿದುಕೊಂಡ. ಅರಮನೆಯಲ್ಲಿ ಕತ್ತಿಗೆ ಸಿಕ್ಕವರು ಉಳಿಯಲಿಲ್ಲ. ಫೆರಿಶ್ತಾ ಬದುಕಿದ್ದು ರಾಜಕುಮಾರ ತನ್ನ ಜೊತೆ ಪಾಠ ಕಲಿತವನ ಮುಖ ಗುರುತಿಸಿದ್ದರಿಂದ. ಆ ಹೊಸ ಸುಲ್ತಾನನೂ ವರ್ಷ ತುಂಬುವ ಮೊದಲೇ ಕೊಲೆಯಾದ. ಊರಿನಲ್ಲಿ ಪರದೇಶಿಗಳ ಹತ್ಯಾಕಾಂಡ ನಡೆಯಿತು. 1589ರಲ್ಲಿ ಫೆರಿಶ್ತಾ ಬಿಜಾಪುರ ಸೇರಿದರು.

ಬಿಜಾಪುರದ ದೊರೆ ಎರಡನೇ ಇಬ್ರಾಹೀಮ್ ಆದಿಲ್ ಶಾಹ್. ಜನ ಜಗದ್ಗುರು ಬಾದಶಹಾ ಎಂದು ಕರೆದ, ಸಂಗೀತದ ಮೇಲೆ ಕಿತಾಬ್-ಎ-ನೌರಸ್ ರಚಿಸಿದ ಸುಲ್ತಾನ ಈತನೇ. ಹಿಂದೂಸ್ತಾನದ, ಅದರಲ್ಲೂ ದಖ್ಖನಿನ ಸುಲ್ತಾನರ ಸಮಗ್ರ ಇತಿಹಾಸ ಇನ್ನೂ ಬಂದಿಲ್ಲ, ನೀನು ಬರೆ ಎಂದು ಫೆರಿಶ್ತಾರಿಗೆ ಹೇಳಿದವನೂ ಆತನೇ. ಮೂವತ್ತಕ್ಕೂ ಹೆಚ್ಚು ಹಳೆಯ ಗ್ರಂಥಗಳನ್ನು ಕೂಡಿಹಾಕಿ ಬರೆದ ‘ಗುಲ್ಶನ್-ಎ-ಇಬ್ರಾಹೀಮಿ’ಯ ಮೊದಲ ರೂಪ 1606ರ ಸುಮಾರಿಗೆ ಸಿದ್ಧವಾಯಿತು. ಬಳಿಕವೂ ವರ್ಷಗಟ್ಟಲೆ ಅವರು ಅದನ್ನು ತಿದ್ದುತ್ತಲೇ ಇದ್ದರು. ಜನರ ಬಾಯಲ್ಲಿ ಅದು ‘ತಾರೀಖ್-ಎ-ಫೆರಿಶ್ತಾ’ ಆಯಿತು. ಅಕ್ಬರ್ ಪಾರಸಿಗೆ ಮಾಡಿಸಿದ ಮಹಾಭಾರತವನ್ನು ಆಧರಿಸಿ ಈ ದೇಶದ ಪ್ರಾಚೀನ ಕಥೆಯಿಂದ ಗ್ರಂಥ ಆರಂಭವಾಗುತ್ತದೆ. ಗಜ್ನಿ, ದಿಲ್ಲಿ, ದಖ್ಖನ್, ಗುಜರಾತ್, ಬಂಗಾಳ, ಕಾಶ್ಮೀರ ಎಂದು 12 ಅಧ್ಯಾಯಗಳು. ಕರಾವಳಿಯ ಓದುಗರಿಗೆ ಆಸಕ್ತಿ ಹುಟ್ಟಿಸುವ ಮಲಬಾರಿನ ಅಧ್ಯಾಯಕ್ಕೆ ಅವರು ಪೊನ್ನಾನಿಯ ಝೈನುದ್ದೀನ್ ಮಖ್ದೂಮರ ತುಹ್ಫತುಲ್ ಮುಜಾಹಿದೀನ್ ಗ್ರಂಥವನ್ನು ಬಳಸಿಕೊಂಡರು.

ರಾಜರ ಪಟ್ಟಿ, ಯುದ್ಧಗಳ ಲೆಕ್ಕ ಓದುವಾಗ ಬೇಸರ ಬರುವುದುಂಟು. ಆದರೆ ಈ ಗ್ರಂಥದ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಹೊರಟರೆ ಕಥೆಯೇ ಬೇರೆ. 1406ರ ಸುಮಾರಿಗೆ, ರಾಯಚೂರು ಸೀಮೆಯ ಮುದ್ಗಲ್‌ನಲ್ಲಿ ಒಬ್ಬ ಅಕ್ಕಸಾಲಿಗನ ಮಗಳಿದ್ದಳಂತೆ, ಹೆಸರು ಪರ್ತಾಲ್. ವಿಜಯನಗರದ ಅರಸ ಅವಳನ್ನು ಬಯಸಿ ಒಡವೆ ಕಳಿಸಿದ. ತಂದೆತಾಯಿ ಹಿಗ್ಗಿದರು. ಹುಡುಗಿ ಮಾತ್ರ ಒಪ್ಪಲಿಲ್ಲ. ಆ ಅಂತಃಪುರ ಹೊಕ್ಕವಳು ಮತ್ತೆ ತವರಿನವರ ಮುಖ ಕಾಣುವಂತಿಲ್ಲ ಎಂಬುದು ಅವಳ ಕಾರಣ. ಅವಳಿಗಾಗಿ ಅರಸ ಸೈನ್ಯ ಕಳಿಸಿದ, ಫಿರೋಜ್ ಶಾಹ್ ಬಹಮನಿ ಪ್ರತಿಯಾಗಿ ದಂಡೆತ್ತಿದ, ಕೊನೆಗೆ ಪರ್ತಾಲ್‌ಳ ಮದುವೆ ಫಿರೋಜನ ಮಗನೊಂದಿಗೆ ನಡೆಯಿತು. ಈ ಕಥೆಯನ್ನು ಇತಿಹಾಸಕಾರರು ಪೂರ್ತಿ ನಂಬುವುದಿಲ್ಲ. ಬಹುಶಃ ನಂಬಬೇಕಾಗಿಯೂ ಇಲ್ಲ. ಆದರೂ ಒಬ್ಬ ಅಕ್ಕಸಾಲಿಗನ ಮಗಳ ‘ಒಲ್ಲೆ’ ಎಂಬ ಮಾತನ್ನು ಆಸ್ಥಾನದ ಲೇಖಕ ಬರೆದಿಟ್ಟಿದ್ದಾರಲ್ಲ!

ಚಾಂದ್ ಬೀಬಿಯ ವಿಷಯದಲ್ಲಿ ಹಾಗಲ್ಲ, ಅದು ಅವರ ಕಾಲದಲ್ಲೇ ನಡೆದದ್ದು. ಅಲಿ ಆದಿಲ್ ಶಾಹ್‌ನ ವಿಧವೆಯಾಗಿ ಆಕೆ ಬಿಜಾಪುರದಲ್ಲಿ ಬಾಲಕ ಇಬ್ರಾಹೀಮನನ್ನು ಸಲಹಿದವಳು. 1595ರ ಕೊನೆಯಲ್ಲಿ ಅಕ್ಬರನ ಮಗ ಮುರಾದ್ ಅಹ್ಮದ್‌ನಗರಕ್ಕೆ ಮುತ್ತಿಗೆ ಹಾಕಿದಾಗ ಕೋಟೆಯೊಳಗಿದ್ದವಳೂ ಆಕೆಯೇ. ಮದ್ದುಗುಂಡಿಗೆ ಗೋಡೆ ಬಿರಿದು ಸೈನಿಕರು ಕಂಗೆಟ್ಟ ಗಳಿಗೆಯಲ್ಲಿ, ಮುಖಕ್ಕೆ ಪರದೆ ಹಾಕಿ ಕೈಯಲ್ಲಿ ಕತ್ತಿ ಹಿಡಿದು ಆಕೆ ಬಿರುಕಿನ ಬಳಿ ಬಂದು ನಿಂತಳು. ಬೆಳಗಾಗುವುದರೊಳಗೆ ಗೋಡೆ ಮತ್ತೆ ಎದ್ದಿತ್ತು. 1600ರಲ್ಲಿ, ಮೊಗಲರೊಂದಿಗೆ ಸಂಧಿಯ ಮಾತೆತ್ತಿದ ತಪ್ಪಿಗೆ ಆಕೆಯನ್ನು ಕೊಂದವರು ಆಕೆಯ ಕಡೆಯವರೇ.

ನಾಲ್ಕು ವರ್ಷದ ನಂತರ ಫೆರಿಶ್ತಾರ ಪಾಲಿಗೆ ಬಂದದ್ದು ದಿಬ್ಬಣದ ಕೆಲಸ. ಇಬ್ರಾಹೀಮನ ಮಗಳು ಬೇಗಮ್ ಸುಲ್ತಾನಾಳನ್ನು ಅಕ್ಬರನ ಕಿರಿಯ ಮಗ ದಾನಿಯಾಲ್‌ಗೆ ಕೊಡುವುದೆಂದು ಒಪ್ಪಂದವಾಗಿತ್ತು. 1604ರಲ್ಲಿ ಗೋದಾವರಿ ದಡದ ಪೈಠಣದ ಬಳಿ ಮದುವೆ ನಡೆಯಿತು. ವಧುವಿನ ಜೊತೆ ಹೋದವರಲ್ಲಿ ಫೆರಿಶ್ತಾ ಕೂಡ ಇದ್ದರು. ಮರುವರ್ಷವೇ ದಾನಿಯಾಲ್ ಕುಡಿತದಿಂದ ಸತ್ತ. ಎರಡು ರಾಜ್ಯಗಳ ರಾಜಿಗೆ ತವರು ಬಿಟ್ಟು ಹೋದ ಹುಡುಗಿ ವಿಧವೆಯಾದಳು.

ಫೆರಿಶ್ತಾ ನಿಷ್ಪಕ್ಷಪಾತಿಯಲ್ಲ. ಅನ್ನವಿಟ್ಟ ದೊರೆಯ ಪರ ವಾಲುತ್ತಾರೆ, ವಿಜಯನಗರದ ಸೈನ್ಯದ ಸಂಖ್ಯೆ, ಸತ್ತವರ ಲೆಕ್ಕಗಳನ್ನು ಉಬ್ಬಿಸುತ್ತಾರೆ. ಬೇರೆ ಆಧಾರಗಳ ಪಕ್ಕದಲ್ಲಿಟ್ಟು ಓದಬೇಕಾದ ಗ್ರಂಥವಿದು. ಆದರೆ ಅವರಿಗೆ ಆದ ಅನ್ಯಾಯವೂ ಒಂದಿದೆ. 1829ರಲ್ಲಿ ಜಾನ್ ಬ್ರಿಗ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ ಇದನ್ನು ನಾಲ್ಕು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದಾಗ ಕೊಟ್ಟ ಹೆಸರಿನ ಅರ್ಥ, ಭಾರತದಲ್ಲಿ ಮುಹಮ್ಮದೀಯ ಅಧಿಕಾರದ ಏಳಿಗೆಯ ಇತಿಹಾಸ ಎಂದು. ಹಿಂದೂಸ್ತಾನ ಎಂಬ ದೇಶದ ಕಥೆ ಹೀಗೆ ಒಂದು ಮತದವರು ಇನ್ನೊಂದು ಮತದವರನ್ನು ಗೆದ್ದ ಕಥೆಯಾಯಿತು. ಇತಿಹಾಸಕಾರ ಮನಾನ್ ಅಹ್ಮದ್ ಆಸಿಫ್ 2020ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಫೆರಿಶ್ತಾರನ್ನು ಮತ್ತೆ ಹಿಂದೂಸ್ತಾನದ ಇತಿಹಾಸಕಾರರಾಗಿಯೇ ಓದಿದ್ದಾರೆ.

ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಫೆರಿಶ್ತಾ ವೈದ್ಯಕೀಯದ ಮೇಲೂ ಒಂದು ಪುಸ್ತಕ ಬರೆದರು, ‘ದಸ್ತೂರುಲ್ ಅತಿಬ್ಬಾ’. ಇರಾನಿನಲ್ಲಿ ಹುಟ್ಟಿದ ಅವರು ಅದರಲ್ಲಿ ಪಾರಸಿ ಓದುಗರಿಗೆ ತಿಳಿಸಿಕೊಟ್ಟದ್ದು ಈ ನೆಲದ ವೈದ್ಯರ ಚಿಕಿತ್ಸಾ ಪದ್ಧತಿಯನ್ನು, ನಮ್ಮ ಆಯುರ್ವೇದವನ್ನು.